ಮೊದಲು ಸೊನ್ನೆ ಹಾಕಿ, ಆಮೇಲೆ ಭಾಗಿಸಿ

ಮೊನ್ನೆ ಜಯನಗರದಲ್ಲಿ ಮೆಟ್ರೋ ಹತ್ತುವ ಹೊತ್ತಿಗೆ ಅಕ್ಕನ ಮಗನಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ‘ಮಾಮ, ಮೂರು ಸಲ ಮಾಡಿದೆ, ಉತ್ತರ ಬರ್ತಿಲ್ಲ.’ ಲೆಕ್ಕ ಇಷ್ಟೇ: 2ಯ³ − 5ಯ + 7 ಎಂಬ ಬಹುಪದೋಕ್ತಿಯನ್ನು ಯ + 2ರಿಂದ ಭಾಗಿಸಬೇಕು. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾನಿಲ್ಲಿ ‘ಯ’ ಎನ್ನುತ್ತೇನೆ. ಭಾಸ್ಕರಾಚಾರ್ಯರೂ ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಅಂದು, ಚಿಕ್ಕದಾಗಿ ‘ಯಾ’ ಎಂದೇ ಬರೆದವರು.

ಹುಡುಗ ಎಡವಿದ್ದು ಮೊದಲ ಸಾಲಿನಲ್ಲೇ. ಯ³ ಆದ ಮೇಲೆ ಯ² ಬರಬೇಕಲ್ವಾ? ಲೆಕ್ಕದಲ್ಲಿ ಅದಿಲ್ಲ ಅಂತ ಅವನು ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಆಮೇಲೆ 4ಯ² ಬಂದಾಗ ಅದನ್ನು ಸುಮ್ನೆ −5ಯ ಕೆಳಗೆ ಬರೆದು ಕಳೆದುಬಿಟ್ಟಿದ್ದ. ಅಪಾರ್ಟ್‌ಮೆಂಟಿನಲ್ಲಿ ಕಾರಿಲ್ಲದ ಮನೆಯವರ ಪಾರ್ಕಿಂಗ್ ಜಾಗಕ್ಕೂ ನಂಬರ್ ಬರೆದಿರುತ್ತಾರಲ್ಲ, ಇಲ್ಲೂ ಹಾಗೇ. ಘಾತ, ಅಂದರೆ ಯ ಮೇಲಿನ ಪುಟ್ಟ ಅಂಕಿ, ಇಳಿಯುತ್ತಾ ಹೋಗುವಂತೆ ಹೀಗೆ ಬರೆಯಿರಿ:

2ಯ³ + 0ಯ² − 5ಯ + 7

ಇನ್ನು ಭಾಗಾಕಾರ. ಎರಡೂ ಕಡೆಯ ಮೊದಲ ಪದ ಮಾತ್ರ ನೋಡಿ. 2ಯ³ದಲ್ಲಿ ಯ ಎಷ್ಟು ಸಲ? 2ಯ². ಅದನ್ನು ಮೇಲೆ ಬರೆಯಿರಿ. ಅದರಿಂದ ಇಡೀ ಯ + 2 ಅನ್ನು ಗುಣಿಸಿ, 2ಯ³ + 4ಯ² ಬರುತ್ತದೆ. ಕೆಳಗೆ ಬರೆದು ಕಳೆಯಿರಿ.

ಜಾಸ್ತಿ ಜನ ಜಾರುವುದು ಈ ಕಳೆಯುವಾಗ. ಮೊದಲ ಪದದ ಚಿಹ್ನೆ ಬದಲಿಸಿ ಎರಡನೆಯದನ್ನು ಮರೆತುಬಿಡುತ್ತಾರೆ. ಬೇರೆ ಬಣ್ಣದ ಪೆನ್ನಿನಲ್ಲಿ ಎರಡೂ ಚಿಹ್ನೆ ತಿರುಗಿಸಿ, ಆಮೇಲೆ ಕೂಡಿದರಾಯಿತು. ಉಳಿಯುವುದು −4ಯ². ಪಕ್ಕದ −5ಯ ಕೆಳಗಿಳಿಸಿ.

ಮತ್ತೆ ಅದೇ ಆಟ. −4ಯ²ಗೆ −4ಯ. ಗುಣಿಸಿದರೆ −4ಯ² − 8ಯ. ಕಳೆದರೆ −5ಯ + 8ಯ, ಅಂದರೆ 3ಯ. ಏಳನ್ನು ಇಳಿಸಿ: 3ಯ + 7. ಇದಕ್ಕೆ 3 ಹಾಕಿ, 3ಯ + 6 ಕಳೆದರೆ ಉಳಿಯುವುದು 1. ಈ 1ರಲ್ಲಿ ಯ ಇಲ್ಲ, ಅಂದರೆ ಅದರ ಘಾತ ಭಾಜಕದ ಘಾತಕ್ಕಿಂತ ಕಡಿಮೆ, ಅಲ್ಲಿಗೆ ನಿಲ್ಲಿಸಬೇಕು. ಭಾಗಲಬ್ಧ 2ಯ² − 4ಯ + 3, ಶೇಷ 1.

ಸರಿಯೋ ತಪ್ಪೋ ನೋಡಲು ಇಡೀ ಲೆಕ್ಕ ಮತ್ತೆ ಮಾಡಬೇಕಿಲ್ಲ. ಭಾಜಕ ಯ + 2 ಅಲ್ವಾ, ಅದು ಸೊನ್ನೆಯಾಗುವಂತೆ ಮೂಲ ಲೆಕ್ಕದಲ್ಲಿ ಯ ಜಾಗಕ್ಕೆ −2 ಹಾಕಿ, ಶೇಷವೇ ಬರಬೇಕು: −16 + 10 + 7 = 1. ಶೇಷ ಪ್ರಮೇಯ ಹೇಳುವುದು ಇದನ್ನೇ. ಭಾಗಲಬ್ಧದಲ್ಲಿ ತಪ್ಪಿದ್ದರೆ ಮಾತ್ರ ಇದರಲ್ಲಿ ಗೊತ್ತಾಗದೇ ಹೋಗಬಹುದು, ಅದಕ್ಕೆ ಯ = 1 ಹಾಕಿಯೂ ನೋಡಿ: ಮೂಲದಲ್ಲಿ 4, ಇತ್ತ ಭಾಜಕ × ಭಾಗಲಬ್ಧ + ಶೇಷ ಅಂದರೆ 3 × 1 + 1, ಅದೂ 4.

ಇಷ್ಟನ್ನು ಟೈಪ್ ಮಾಡಿ ಕಳಿಸುವಷ್ಟರಲ್ಲಿ ಮೆಜೆಸ್ಟಿಕ್ ಬಂತು. ‘ಬಂತು ಮಾಮ, ಇನ್ನೂ ಐದು ಲೆಕ್ಕ ಇದೆ’ ಅಂತ ಮತ್ತೊಂದು ಫೋಟೊ.