ಮೇಲಿನ ಮನೆ ನೀರು, ನಮ್ಮ ಸೀಲಿಂಗ್

ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಸೀಲಿಂಗ್ ಒದ್ದೆಯಾದರೆ ಮಳೆಯನ್ನು ಬೈಯುವ ಹಾಗಿಲ್ಲ. ಕಲೆ ಲೈಟಿನ ಹತ್ತಿರ ಬಂದಿತ್ತು. ಹಾಗಾಗಿ ಮೊದಲು ಆ ರೂಮಿನ ಕರೆಂಟ್ ಕಡಿಯುವ ಸ್ವಿಚ್ಚು, ಅಂದರೆ ಎಂಸಿಬಿ ಇಳಿಸಿದೆ.

ಮೇಲಿನವರು ಊರಿಗೆ ಹೋದಾಗ ಹನಿ ನಿಲ್ಲುತ್ತಿತ್ತು, ಸ್ನಾನದ ಹೊತ್ತಿಗೆ ಜಾಸ್ತಿಯಾಗುತ್ತಿತ್ತು. ಅಂದರೆ ಸದಾ ನೀರು ತುಂಬಿರುವ ಪೈಪಿನದಲ್ಲ, ಬಾತ್‌ರೂಮ್ ನೆಲದ್ದೋ ಡ್ರೈನ್‌ದೋ. ಪ್ಲಂಬರ್ ಟೈಲ್ಸ್ ಪೂರ್ತಿ ಒಡೆಯಬೇಕು ಎಂದ. ಅವನಿಗೇನು, ಸುಮ್ನೆ ಹೇಳಿಬಿಡ್ತಾನೆ!

"ಅಕ್ಕಾ, ಒಡೆಯೋದು ಬ್ಯಾಡ, ಮೊದಲು ನೋಡೋಣ್ರಿ" ಎಂದು ಮೇಲಿನ ಮನೆಯ ಅಕ್ಕನಿಗೆ ಹೇಳಿದೆ. ಪೈಪ್ ಹಿಡಿದು ನೇರ ನಹಾನಿ ಟ್ರ್ಯಾಪಿನೊಳಗೆ, ಅಂದರೆ ಬಾತ್‌ರೂಮ್ ನೆಲದ ನೀರು ಹೊರಹೋಗುವ ಕಿಂಡಿಯೊಳಗೆ, ನೀರು ಬಿಟ್ಟೆವು. ಕೆಳಗೆ ಏನೂ ಆಗಲಿಲ್ಲ, ಡ್ರೈನ್ ಪೈಪ್ ಸರಿ ಇತ್ತು. ಆಮೇಲೆ ಟ್ರ್ಯಾಪಿಗೆ ಬಟ್ಟೆ ತುರುಕಿ ನೆಲದ ಮೇಲೆ ನೀರು ನಿಲ್ಲಿಸಿದೆವು. ಸಂಜೆಯೊಳಗೆ ನಮ್ಮಲ್ಲಿ ಟಪ್ ಟಪ್. ನೆಲದ ಟೈಲ್ಸ್ ಸಂದುಗಳೇ ಕಳ್ಳ.

ಹಳೇ ವೈಟ್ ಸಿಮೆಂಟ್ ಕೆರೆದು, ಸಂದು ಚೆನ್ನಾಗಿ ಒಣಗಿಸಿ, ನೀರು ಇಳಿಯಲು ಬಿಡದ ಎಪಾಕ್ಸಿ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಪೇಸ್ಟ್) ತುಂಬಿಸಿದೆವು. ಟ್ರ್ಯಾಪಿನ ಸುತ್ತ ಜಾಸ್ತಿ ಗಮನ ಕೊಡಿ. ಗಟ್ಟಿಯಾದ ಮೇಲೆ ಮತ್ತೆ ನೀರು ನಿಲ್ಲಿಸಿ ನೋಡಿದೆವು, ಹನಿ ಇಲ್ಲ.

ಪುಟ್ಟಿ, ಪೇಂಟಿಗೆ ಅವಸರ ಬೇಡ. ಒಳಗೆ ತೇವ ಇದ್ದರೆ ಪೇಂಟ್ ಉಬ್ಬಿ ಉದುರುತ್ತದೆ. ಗ್ರೌಟಿನ ಖರ್ಚು ಅಕ್ಕ ಕೊಟ್ಟರು, ಪೇಂಟಿಂದು ಇನ್ನೂ ಮಾತುಕತೆಯಲ್ಲಿದೆ.