ಬಸ್ ಯೋಜನೆಗೆ ಅಭಿಪ್ರಾಯ: ಸಭೆಗಿಂತ ಸ್ಟಾಪಿನಲ್ಲಿ ಸಿಕ್ಕಿದ್ದೇ ಜಾಸ್ತಿ

ಬಸ್ ಮಾರ್ಗಗಳನ್ನು ಬದಲಿಸುವ ಕರಡು ಯೋಜನೆ ಬಂದಾಗ ನಮ್ಮ ಬಡಾವಣೆಯವರ ಅಭಿಪ್ರಾಯ ಒಟ್ಟು ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ಎಲ್ಲರೂ ನಕ್ಷೆಯನ್ನೇ ನೋಡುತ್ತಿದ್ದರು. ಆದರೆ ನಕ್ಷೆಯಲ್ಲಿ ಗೆರೆ ಇದ್ದರೆ ಬಸ್ ಬಂದ ಹಾಗಾಯಿತಾ? ಎಷ್ಟು ನಿಮಿಷಕ್ಕೊಂದು ಬಸ್, ಕೊನೆಯ ಬಸ್ ಎಷ್ಟು ಗಂಟೆಗೆ ಅನ್ನೋದು ಹಿಂದಿನ ಪುಟದ ಕೋಷ್ಟಕದಲ್ಲಿತ್ತು. ನಾನು ಮೊದಲು ಓದಿದ್ದು ಅದನ್ನೇ.

ಸಂಜೆ ಸಭೆ ಕರೆದರೆ ಬಿಡುವಿದ್ದವರು ಬರುತ್ತಾರೆ. ಬಸ್ಸನ್ನೇ ನಂಬಿದವರು ಆ ಹೊತ್ತಿಗೆ ಬಸ್ಸಿಗೆ ಕಾಯುತ್ತಿರುತ್ತಾರೆ. ಅದಕ್ಕೇ ನೋಟ್‌ಬುಕ್ ಹಿಡಿದು ಸ್ಟಾಪಿಗೆ ಹೋದೆ. "ಯೋಜನೆ ಹೇಗಿದೆ?" ಅಂತ ಯಾರನ್ನೂ ಕೇಳಲಿಲ್ಲ. ಎಲ್ಲಿಂದ ಬಂದ್ರಿ, ಎಲ್ಲಿಗೆ ಹೋಗ್ಬೇಕು, ಎಷ್ಟು ಹೊತ್ತು ಕಾದ್ರಿ, ವಾಪಸ್ ಹೇಗೆ ಬರ್ತೀರಿ ಅಂತ ಕೇಳಿದೆ. ಒಬ್ಬ ತಾಯಿ ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ, ಬರುವಾಗ ಆಸ್ಪತ್ರೆಗೆ ಹೋಗಿ ಮನೆ ಸೇರುತ್ತಿದ್ದರು. "ಒಂದು ಬಸ್ ತಪ್ಪಿದ್ರೆ ದಿನವೇ ಕೆಡುತ್ತೆ" ಅಂದರು. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಅಂತ ಲೆಕ್ಕ ಹಾಕಿದ ಯೋಜನೆಯಲ್ಲಿ ಇಂಥ ಓಡಾಟಕ್ಕೆ ಜಾಗವೇ ಇರಲ್ಲ.

ಜನ ಹೆಚ್ಚು ಕೇಳಿದ್ದು ಬಸ್ ನಮ್ಮ ಬೀದಿ ಒಳಗೂ ಬರಲಿ ಅಂತ. ನ್ಯಾಯವಾದ ಆಸೆಯೇ. ಆದರೂ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಕೊನೆಯಲ್ಲಿ ನಿಲ್ಲುವ ಹೊತ್ತೂ ಸೇರಿ ಬಸ್ ಹೋಗಿ ಬರಲು 60 ನಿಮಿಷ ಬೇಕು ಅನ್ನಿ. 15 ನಿಮಿಷಕ್ಕೊಂದು ಓಡಿಸಲು 4 ಬಸ್ ಸಾಕು. ಒಳಬೀದಿ ಸುತ್ತಿ ಅದು 75 ನಿಮಿಷವಾದರೆ 5 ಬಸ್ ಬೇಕು. ಇಲ್ಲವೇ ಅದೇ 4 ಬಸ್ಸಿನಲ್ಲಿ ಸುಮಾರು 19 ನಿಮಿಷಕ್ಕೊಂದು ಬರುತ್ತೆ, ಅದೂ ಎಲ್ಲರಿಗೂ. ಇದನ್ನು ನೋಡಿದ ಹಿರಿಯರೊಬ್ಬರು, "ಹಾಗಾದ್ರೆ ಬಸ್ ನೇರವಾಗೇ ಹೋಗ್ಲಿ. ನಮಗೆ ಮುಖ್ಯರಸ್ತೆ ತನಕ ನಡೆಯೋಕೆ ಒಳ್ಳೆ ಫುಟ್‌ಪಾತ್, ದೀಪ ಕೊಡ್ಲಿ" ಅಂದರು. ನಮ್ಮ ಮನವಿಯ ಮೊದಲ ಅಂಶ ಇದೇ ಆಯಿತು.

ಆ ನಡಿಗೆಯನ್ನೂ ಅವರ ಜೊತೆ ನಡೆದೇ ನೋಡಿದೆ. ಕರಡಿನಲ್ಲಿ ಸ್ಟಾಪಿನ ಸುತ್ತ 400 ಮೀಟರ್‌ನ ವೃತ್ತ ಎಳೆದು, ಒಳಗಿರುವವರಿಗೆಲ್ಲ ಬಸ್ ಹತ್ತಿರ ಅಂದಿದ್ದರು. ಅವರ ಮನೆ ವೃತ್ತದೊಳಗೇ ಇತ್ತು. ಆದರೆ ನಡುವೆ ಉದ್ದನೆಯ ಕಾಂಪೌಂಡ್ ಗೋಡೆ. ಸುತ್ತಿಕೊಂಡು ಹೋದರೆ ದೂರ ಹೆಚ್ಚುಕಡಿಮೆ ಎರಡರಷ್ಟು, ಕೂರೋಕೆ ಒಂದು ಕಟ್ಟೆಯೂ ಇಲ್ಲ. ಗೋಡೆಯ ಫೋಟೋ, ನಡೆದ ದಾರಿಯ ಗುರುತು ಎರಡನ್ನೂ ಮನವಿಗೆ ಲಗತ್ತಿಸಿದೆವು.

ಒಂದೇ ಅರ್ಜಿಗೆ ಎಲ್ಲರ ಸಹಿ ಹಾಕಿಸೋದು ಸುಲಭ. ಅದರ ಜೊತೆಗೆ ಒಬ್ಬೊಬ್ಬರೂ ತಮ್ಮ ಮಾತಲ್ಲೇ ನಾಲ್ಕು ಸಾಲು ಬರೆಯಲಿ ಅಂತ ನಾನು ಹಟ ಹಿಡಿದೆ. ಬರೆಯಲು ಬಾರದವರು ಹೇಳಿದ್ದನ್ನು ಬರೆದು, ಅವರಿಗೇ ಓದಿ ಹೇಳಿದೆವು. ಪ್ರತಿ ಅಂಶಕ್ಕೂ ಒಪ್ಪಿದ್ದೀರಾ, ಇಲ್ಲವಾದರೆ ಯಾಕೆ ಅಂತ ಲಿಖಿತ ಉತ್ತರವನ್ನೂ ಕೇಳಿದೆವು.

ಅಂತಿಮ ಯೋಜನೆಯಲ್ಲಿ ಸ್ಟಾಪ್ ಗೋಡೆಯ ತುದಿಗೆ ಬಂದಿದೆ, ಫುಟ್‌ಪಾತ್ ಕೂಡ ಸೇರಿದೆ. ಕೊನೆಯ ಬಸ್ಸಿನ ಸಮಯ ಮಾತ್ರ ಬದಲಾಗಿಲ್ಲ. ಸಂಜೆ ಪಾಳಿ ಮುಗಿಸಿ ರಾತ್ರಿ ತಡವಾಗಿ ಬರುವವರು ಎಷ್ಟು ಗಂಟೆಗೆ ಹೊರಡುತ್ತಾರೆ ಅಂತ ಈಗ ಬರೆದುಕೊಳ್ಳುತ್ತಿದ್ದೇವೆ.