ಸಿಂಗಪುರಕ್ಕೆ ಹೊಸದಾಗಿ ಬಂದವರಿಗೆ: ಚೀನೀ ನೆರೆಹೊರೆಯ ರೀತಿನೀತಿ

ಸಿಂಗಪುರದ ನಾಗರಿಕರು ಮತ್ತು ಕಾಯಂ ನಿವಾಸಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಚೀನೀ ಮೂಲದವರು. ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಬ್ಲಾಕಿನಲ್ಲಿ ಮನೆ ಹಿಡಿದರೆ ಅಕ್ಕಪಕ್ಕ, ಮೇಲೆ ಕೆಳಗೆ ಹೆಚ್ಚಾಗಿ ಅವರೇ ಇರುತ್ತಾರೆ. ಚೀನಾದ ಪ್ರಾಚೀನ ಚಿಂತಕ ಕನ್‌ಫ್ಯೂಷಿಯಸ್‌ನ ಹೆಸರನ್ನು ಯಾರೂ ದಿನಾ ಎತ್ತುವುದಿಲ್ಲ. ಆದರೆ ಹಿರಿಯರಿಗೆ ಮೊದಲ ಮಣೆ, ತೀರಿಹೋದವರ ಋಣ, ಯಿನ್-ಯಾಂಗ್ ಎಂಬ ಸಮತೋಲನದ ಲೆಕ್ಕ ಅವರ ದಿನಚರಿಯಲ್ಲಿ ಬೇರೂರಿವೆ. ಇದರಲ್ಲಿ ಅರ್ಧ ನಮಗೆ ಮನೆಯಲ್ಲೇ ಅಭ್ಯಾಸವಾದದ್ದು. ಹೊಸಬರು ಎಡವುವುದು ಅವರ ಪದ್ಧತಿ ನಮ್ಮದಕ್ಕೆ ತಿರುಗುಮುರುಗಾಗಿರುವ ಕಡೆ.

ದುಡ್ಡಿನ ಲಕೋಟೆಯನ್ನೇ ನೋಡಿ. ಮುಯ್ಯಿಗೆ ನೂರೊಂದು, ಐನೂರೊಂದು ಹಾಕುವವರು ನಾವು. ಅವರಲ್ಲಿ ಒಳ್ಳೆಯದು ಜೋಡಿಯಾಗಿ ಬರಬೇಕು, ಕೆಟ್ಟದ್ದು ಮರುಕಳಿಸಬಾರದು. ಹಾಗಾಗಿ ಮದುವೆಗೂ ಚೀನೀ ಹೊಸವರ್ಷಕ್ಕೂ ಕೆಂಪು ಲಕೋಟೆಯಲ್ಲಿ ಸಮಸಂಖ್ಯೆಯ ಮೊತ್ತ ಇಡಬೇಕು: ಮಕ್ಕಳಿಗೆ 8 ಅಥವಾ 10 ಡಾಲರ್, ಮದುವೆಗೆ 88, 128, 168. ನಾಲ್ಕು ಎಂಬುದು ಸಾವಿಗೆ ಸೇರಿದ ಅಂಕಿ, ಆದ್ದರಿಂದ 4 ಮತ್ತು 40 ಬೇಡ. ಸಾವಿನ ಮನೆಗೆ ಬಿಳಿ ಲಕೋಟೆ, ಅದರಲ್ಲಿ 31 ಅಥವಾ 51ರಂಥ ಬೆಸಸಂಖ್ಯೆ. ಮದುವೆಗೆ ಅಭ್ಯಾಸಬಲದಿಂದ 101 ಇಟ್ಟರೆ ನೀವು ಕೊಟ್ಟದ್ದು ಸೂತಕದ ಮೊತ್ತ!

ಹೊಸವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವ ಹೊತ್ತು, ಆಗ ಯಾರ ಬಾಗಿಲನ್ನೂ ತಟ್ಟಬೇಡಿ. ನಂತರ ಹೋಗುವಾಗ ಎರಡು ಮ್ಯಾಂಡರಿನ್ ಕಿತ್ತಳೆ ಒಯ್ದು, ಮನೆಯ ಹಿರಿಯರಿಗೆ ಎರಡೂ ಕೈಯಿಂದ ಕೊಡಿ. ಹೊರಡುವಾಗ ಅವರೂ ಎರಡು ಹಣ್ಣು ಕೊಡುತ್ತಾರೆ, ಬೇಡ ಎನ್ನಬಾರದು. ಲಕೋಟೆ ಸಿಕ್ಕರೆ ಕೊಟ್ಟವರ ಎದುರೇ ಬಿಚ್ಚದಂತೆ ಮಕ್ಕಳಿಗೆ ಮೊದಲೇ ಹೇಳಿಡಿ.

ಚಾಂದ್ರಮಾನದ ಏಳನೇ ತಿಂಗಳು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಬೀಳುತ್ತದೆ. ಆಗ ಹಸಿದ ಪ್ರೇತಗಳಿಗೆ ಹುಲ್ಲಿನ ಅಂಚಿನಲ್ಲಿ ಅನ್ನ, ಹಣ್ಣು, ಊದುಬತ್ತಿ ಇಟ್ಟು, ಲೋಹದ ಡ್ರಮ್ಮುಗಳಲ್ಲಿ ಕಾಗದದ ಹಣ ಸುಡುತ್ತಾರೆ. ಚೀನಾದ್ದೇ ಆದ ದಾವ್ ಪಂಥದ ಆಚರಣೆಯ ಜೊತೆ, ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಉದ್ಧರಿಸಿದ ಬುದ್ಧನ ಶಿಷ್ಯ ಮೌದ್ಗಲ್ಯಾಯನನ ಕಥೆಯೂ ಇದರಲ್ಲಿ ಬೆರೆತಿದೆ. ನಮ್ಮ ಪಿತೃಪಕ್ಷ ಬಲ್ಲವರಿಗೆ ಈ ಭಾವ ಹೊಸದಲ್ಲ. ಹಿಂದೆ ಪಿಂಡವಿಡುವವರಿಲ್ಲದೆ ಹೋದವರಿಗೂ ಇಲ್ಲಿ ಒಂದು ತುತ್ತು ಮೀಸಲು, ಅದು ನನಗೆ ಬಹಳ ಹಿಡಿಸಿದ ಸಂಗತಿ. ನೆಲದ ಮೇಲಿನ ಎಡೆಯನ್ನು ತುಳಿಯದೆ ಬಳಸಿ ನಡೆಯಿರಿ, ಮಕ್ಕಳು ಅಲ್ಲಿನ ಮಿಠಾಯಿ ಎತ್ತಿಕೊಳ್ಳದಂತೆ ನೋಡಿಕೊಳ್ಳಿ. ಗೆಟಾಯ್ ಹಾಡಿನ ಕಾರ್ಯಕ್ರಮದಲ್ಲಿ ಮುಂದಿನ ಸಾಲು ಖಾಲಿಯಿದ್ದರೂ ಕೂರಬೇಡಿ, ಅದು ಪ್ರೇತಗಳ ಸಾಲು. ಬೂದಿ ಹಾರಿಬರುವ ಕಡೆಯ ಕಿಟಕಿ ಮುಚ್ಚಿ, ಬಟ್ಟೆ ಒಳಗೆ ಒಣಹಾಕಿ.

ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ (ನೆಲಮಹಡಿಯ ತೆರೆದ ಜಾಗ) 3, 5 ಅಥವಾ 7 ದಿನ ಶವ ಇರಿಸಿಕೊಂಡು ಕೂರುವುದುಂಟು. ಪರಿಚಯದವರಾದರೆ ಕೆಂಪು ಬಿಟ್ಟು ಬಿಳಿ ಅಥವಾ ಕಪ್ಪು ಬಟ್ಟೆಯಲ್ಲಿ ಹೋಗಿ. ಊದುಬತ್ತಿ ಹಿಡಿಯಲು ಮನಸ್ಸಿಲ್ಲದಿದ್ದರೆ ತಲೆಬಾಗಿದರೂ ಸಾಕು. ಕೆಂಪು ದಾರ ಕೊಟ್ಟರೆ ತೆಗೆದುಕೊಂಡು ಮನೆ ಸೇರುವ ಮೊದಲೇ ಬಿಸಾಡುತ್ತಾರೆ. ಹೊರಡುವಾಗ ‘ಬರ್ತೀವಿ’ ಎನ್ನದೆ ಸುಮ್ಮನೆ ಎದ್ದುಬನ್ನಿ. ಇದು ನಮ್ಮಲ್ಲೂ ಉಂಟಲ್ಲ.

ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯ ತಪ್ಪನ್ನು ಹತ್ತು ಜನರೆದುರು ತಿದ್ದಬೇಡಿ, ಆಮೇಲೆ ಒಬ್ಬರೇ ಸಿಕ್ಕಾಗ ಹೇಳಿ. ‘ಸ್ವಲ್ಪ ಕಷ್ಟ’ ಎಂದರೆ ಬಹುಪಾಲು ‘ಆಗದು’ ಎಂದೇ.

ಊಟದಲ್ಲಿ ಹಿರಿಯರು ಕೈಹಾಕುವವರೆಗೆ ಕಾಯಿರಿ. ಚಾಪ್‌ಸ್ಟಿಕ್ ಅನ್ನಕ್ಕೆ ನೆಟ್ಟಗೆ ಚುಚ್ಚಿದರೆ ಸತ್ತವರಿಗೆ ಇಡುವ ಊದುಬತ್ತಿಯಂತೆ ಕಾಣುತ್ತದೆ, ಅಡ್ಡಲಾಗಿ ಇಡಿ. ಉಷ್ಣ-ತಂಪಿನ ಲೆಕ್ಕ ನಮ್ಮ ಅಜ್ಜಿಯರದೇ: ಡುರಿಯನ್ ಹಣ್ಣು ಉಷ್ಣ, ಮ್ಯಾಂಗೋಸ್ಟೀನ್ ಹಣ್ಣು ಮತ್ತು ಸೇವಂತಿಗೆ ಚಹಾ ತಂಪು. ಬಾಣಂತಿಯನ್ನು ನೋಡಲು ಹೋಗುವಾಗ ಕಲ್ಲಂಗಡಿ, ಎಳನೀರು ಒಯ್ಯಬೇಡಿ. ಅವರ ಬಾಣಂತನದ ಅಡುಗೆಯಲ್ಲಿ ಶುಂಠಿ, ಎಳ್ಳೆಣ್ಣೆಯ ಜೊತೆ ಅಕ್ಕಿಯ ಮದ್ಯವೂ ಇರುತ್ತದೆ, ರುಚಿ ನೋಡುವ ಮುನ್ನ ಗೊತ್ತಿರಲಿ.

ಸಸ್ಯಾಹಾರಿಗಳಿಗೆ ಬೌದ್ಧ ಸಸ್ಯಾಹಾರದ ಅಂಗಡಿಗಳೇ ಆಸರೆ. ಕಟ್ಟುನಿಟ್ಟಿನವರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ಆದರೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ಚಾಂದ್ರಮಾನದ 1 ಮತ್ತು 15ನೇ ದಿನ ಅನೇಕರು ಮಾಂಸ ಬಿಡುವುದರಿಂದ ಅಲ್ಲಿ ಉದ್ದ ಸಾಲು, ಬೇಗ ಹೋಗಿ. ಹಾಕರ್ ಸೆಂಟರಿನ (ತಿಂಡಿ-ಊಟದ ಅಂಗಡಿಗಳ ಸಮುಚ್ಚಯ) ಬೇರೆ ಅಂಗಡಿಗಳಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಆಯ್‌ಸ್ಟರ್ (ಸಿಂಪಿ) ಸಾಸ್, ಹಂದಿಕೊಬ್ಬು ಅಥವಾ ಒಣಮೀನಿನ ಸಾರು ಬಿದ್ದಿರುತ್ತದೆ. ‘ಮಾಂಸ ಇದೆಯಾ’ ಎಂದಷ್ಟೇ ಕೇಳಿದರೆ ಇವು ಲೆಕ್ಕಕ್ಕೆ ಬರುವುದಿಲ್ಲ. ಈ ಮೂರನ್ನೂ ಹೆಸರು ಹಿಡಿದು ಕೇಳಿ.